‘ಒಂದೇ ಚಾರ್ಜಿಗೆ 315 ಕಿ.ಮೀ.’: ಬೆಳಗಾವಿಯಿಂದ ಗೋವಾಕ್ಕೆ ಹೋಗಿ ಬರಬಹುದೇ?

ಎಲೆಕ್ಟ್ರಿಕ್ ಕಾರಿನ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡುತ್ತವೆ. ಒಂದು ಹೊಗಳಿಕೆಯದು: ‘ಒಂದೇ ಚಾರ್ಜಿಗೆ 315 ಕಿ.ಮೀ., ಗೋವಾಕ್ಕೆ ಹೋಗಿ ಬಂದರೂ ಬ್ಯಾಟರಿ ಉಳಿಯುತ್ತದೆ, ಖರ್ಚು ಮೊಬೈಲ್ ರೀಚಾರ್ಜಿಗಿಂತ ಕಮ್ಮಿ.’ ಇನ್ನೊಂದು ಹೆದರಿಕೆಯದು: ‘ಘಾಟ್ ಹತ್ತುವುದಿಲ್ಲ, ಮಳೆಯಲ್ಲಿ ಶಾಕ್ ಹೊಡೆಯುತ್ತದೆ, ಸರ್ಕಾರಿ ಅಧಿಕಾರಿಗಳೇ ಬೇಡ ಎಂದು ವಾಪಸ್ ಕೊಟ್ಟಿದ್ದಾರೆ.’ ಎರಡರಲ್ಲೂ ಅಷ್ಟಿಷ್ಟು ಸತ್ಯವಿದೆ. ಅದಕ್ಕೇ ಅವು ಇಷ್ಟು ದೂರ ಓಡುತ್ತವೆ.

ಆದರೆ ಬೆಳಗಾವಿಯ ಮಹಾಂತೇಶ ನಗರದಲ್ಲಿ ಮನೆ ಮಾಡಿಕೊಂಡು ದಿನಾ ಖಾನಾಪುರಕ್ಕೆ ಕೆಲಸಕ್ಕೆ ಹೋಗಿ ಬರುವವರಿಗೆ ಇದು ಬರೀ ಹರಟೆಯ ವಿಷಯವಲ್ಲ. ಹನ್ನೆರಡು ಹದಿಮೂರು ಲಕ್ಷದ ಕಾರು, ಏಳು ವರ್ಷದ ಸಾಲ, ಕೈತುಂಬಾ ಇಎಂಐ. ಆದ್ದರಿಂದ ಈ ಸಲ ಒಂದೇ ಕಾರನ್ನು ಹಿಡಿದು, ಇದೇ ಊರಿನ ರಸ್ತೆಗಳ ಮೇಲೆ ಲೆಕ್ಕ ಹಾಕಿದ್ದೇವೆ. ಮಧ್ಯಮ ವರ್ಗದವರ ಬಜೆಟ್ಟಿಗೆ ಹತ್ತಿರ ಬಂದ ಎಲೆಕ್ಟ್ರಿಕ್ ಸೆಡಾನ್ ಎಂದರೆ ಟಾಟಾ ಟಿಗೋರ್ ಇವಿ. (ಬಿವೈಡಿ ಸೀಲ್ ಕೂಡ ಸೆಡಾನೇ. 2024ರಲ್ಲಿ ಅದು ಬಂದಾಗ ಆರಂಭದ ಬೆಲೆಯೇ 41 ಲಕ್ಷ. ಅದನ್ನು ಇಲ್ಲಿ ಬಿಟ್ಟುಬಿಡೋಣ.)

ಅಧಿಕಾರಿಗಳು ಬೇಡ ಎಂದದ್ದು ಯಾವ ಕಾರು?

ಹೆದರಿಕೆಯ ಫಾರ್ವರ್ಡಿನಿಂದಲೇ ಶುರು ಮಾಡೋಣ. ನಮ್ಮ ರಾಜ್ಯಕ್ಕೆ ಎಲೆಕ್ಟ್ರಿಕ್ ಕಾರು ಹೊಸದಲ್ಲ. ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ‘ರೇವಾ’ 2001ರಲ್ಲೇ ರಸ್ತೆಗಿಳಿದಿತ್ತು. ಅದು ಇನ್ವರ್ಟರ್ ಬ್ಯಾಟರಿಯಂಥ ಸೀಸದ ಬ್ಯಾಟರಿಯ ಪುಟ್ಟ ಕಾರು. 2010ರಲ್ಲಿ ಆ ಕಂಪನಿ ಮಹೀಂದ್ರದ ಪಾಲಾಯಿತು. 2016ರಲ್ಲಿ ಮಹೀಂದ್ರ ‘ಇ-ವೆರಿಟೊ’ ತಂದಿತು. ಅದು ಸೆಡಾನ್ ಆಗಿದ್ದರೂ ಕಂಪನಿ ಹೇಳಿದ ರೇಂಜ್ ಸುಮಾರು 110 ಕಿ.ಮೀ., ಗರಿಷ್ಠ ವೇಗ ಗಂಟೆಗೆ 86 ಕಿ.ಮೀ. ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕಲೂ ಹಿಂಜರಿಯಬೇಕಾದ ವೇಗ ಅದು.

2017ರಲ್ಲಿ ಕೇಂದ್ರ ಸರ್ಕಾರದ ಇಇಎಸ್‌ಎಲ್ ಸಂಸ್ಥೆ ಸರ್ಕಾರಿ ಕಚೇರಿಗಳಿಗಾಗಿ 10,000 ಎಲೆಕ್ಟ್ರಿಕ್ ಕಾರುಗಳ ಟೆಂಡರ್ ಕರೆಯಿತು. ಜಿಎಸ್‌ಟಿ ಬಿಟ್ಟು 10.16 ಲಕ್ಷ ರೂಪಾಯಿಗೆ ಕೊಡುತ್ತೇವೆ ಎಂದ ಟಾಟಾ ಟೆಂಡರ್ ಗೆದ್ದಿತು. ಆ ಮೊದಲ ಟಿಗೋರ್ ಇವಿ ಮತ್ತು ಇ-ವೆರಿಟೊಗಳನ್ನೇ ಅಧಿಕಾರಿಗಳು ಬಳಸಲು ಒಪ್ಪುತ್ತಿಲ್ಲ ಎಂದು 2018ರಲ್ಲಿ ಪತ್ರಿಕೆಗಳು ಬರೆದದ್ದು. ಒಂದು ಚಾರ್ಜಿಗೆ 80–82 ಕಿ.ಮೀ. ಮಾತ್ರ ಬರುತ್ತದೆ ಎಂಬುದು ದೂರು. ಅಂದರೆ ಸುದ್ದಿ ನಿಜ. ಆದರೆ ಅದು ಆ ಹಳೆಯ ಕಾರಿನ ಸುದ್ದಿ. 2021ರ ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ಬಂದ ಟಿಗೋರ್ ಇವಿಗೆ ಹೆಸರು ಮಾತ್ರ ಅದೇ. ಮೋಟರ್, ಬ್ಯಾಟರಿ, ವೋಲ್ಟೇಜ್ ಎಲ್ಲ ಬದಲಾಗಿದ್ದವು. ಹೆಸರು ಒಂದೇ ಇರುವುದರಿಂದ ಹಳೆಯ ಸುದ್ದಿ ಹೊಸ ಕಾರಿಗೆ ಅಂಟಿಕೊಂಡಿದೆ.

315 ಎಂಬ ಸಂಖ್ಯೆ ಎಲ್ಲಿಂದ ಬಂತು?

ಈ ಕಾರಿನ ಬ್ಯಾಟರಿ 26 ಕಿಲೋವ್ಯಾಟ್ ಅವರ್. ಪದ ದೊಡ್ಡದಾಯಿತೇ? ಒಂದು ಕಿಲೋವ್ಯಾಟ್ ಅವರ್ ಎಂದರೆ ನಿಮ್ಮ ಮನೆಯ ಹೆಸ್ಕಾಂ ಬಿಲ್ಲಿನ ಒಂದು ಯೂನಿಟ್, ಅಷ್ಟೇ. ಹಾಗಾಗಿ ಇದನ್ನು ‘26 ಯೂನಿಟ್ ಹಿಡಿಯುವ ಟ್ಯಾಂಕ್’ ಎಂದು ನೆನಪಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

2021ರಲ್ಲಿ ಕಂಪನಿ ಹೇಳಿದ ರೇಂಜ್ 306 ಕಿ.ಮೀ. 2022ರ ನವೆಂಬರ್‌ನಲ್ಲಿ ಅದು 315 ಆಯಿತು. ಟ್ಯಾಂಕ್ ಅದೇ 26 ಯೂನಿಟ್ಟಿನದು. ಈ ಸಂಖ್ಯೆ ಸುಳ್ಳಲ್ಲ. ಪುಣೆಯ ಎಆರ್‌ಎಐ ಸಂಸ್ಥೆಯಂಥ ಕಡೆ ಪರೀಕ್ಷೆ ಮಾಡಿ ಕೊಡುವ ಪ್ರಮಾಣಪತ್ರದ ಸಂಖ್ಯೆ ಅದು. ಆದರೆ ಆ ಪರೀಕ್ಷೆ ನಡೆಯುವುದು ರಸ್ತೆಯಲ್ಲಲ್ಲ, ರೋಲರ್‌ಗಳ ಮೇಲೆ. ಗಾಳಿ ಇಲ್ಲ, ಗುಂಡಿ ಇಲ್ಲ, ಏರು ಇಲ್ಲ. ಎಸಿ ಆಫ್. ಪರೀಕ್ಷೆಗೆ ಎರಡು ಭಾಗ ಇವೆ. ಪಟ್ಟಣದ ಓಡಾಟವನ್ನು ಅನುಕರಿಸುವ ಮೊದಲ ಭಾಗದಲ್ಲಿ ಕಾರು 50 ಕಿ.ಮೀ. ವೇಗ ದಾಟುವುದೇ ಇಲ್ಲ. ಸರಾಸರಿ ವೇಗ ಗಂಟೆಗೆ ಸುಮಾರು 19 ಕಿ.ಮೀ. ಎರಡನೇ ಭಾಗದಲ್ಲಿ ವೇಗ 90ರವರೆಗೆ ಹೋಗುತ್ತದೆ. ಹಳೆಯ ಜಾಹೀರಾತುಗಳಲ್ಲಿ ಕಾಣುವ ದೊಡ್ಡ ಸಂಖ್ಯೆಗಳು ಹೆಚ್ಚಾಗಿ ಮೊದಲ ಭಾಗದವು.

ಕಾರು ಕಂಪನಿಗಳೇ ಈಗ ಇದನ್ನು ಒಪ್ಪಿಕೊಳ್ಳತೊಡಗಿವೆ. 2024ರ ಆಗಸ್ಟ್‌ನಲ್ಲಿ ಟಾಟಾ ‘ಕರ್ವ್ ಇವಿ’ ಬಿಡುಗಡೆ ಮಾಡಿದಾಗ ಅದರ ದೊಡ್ಡ ಬ್ಯಾಟರಿಯ ಪ್ರಮಾಣಪತ್ರದಲ್ಲಿ 585 ಕಿ.ಮೀ. ಇತ್ತು. ನಿಜವಾದ ರಸ್ತೆಯಲ್ಲಿ ಹೆಚ್ಚಿನವರಿಗೆ ಸಿಗುವುದು 400ರಿಂದ 425 ಎಂದು ಕಂಪನಿಯೇ ಹೇಳಿತು. ಹತ್ತಿರ ಹತ್ತಿರ ನೂರಕ್ಕೆ ಎಪ್ಪತ್ತು ಪಾಲು. ಅದೇ ಪ್ರಮಾಣವನ್ನು 315ಕ್ಕೆ ಹಾಕಿದರೆ ಸುಮಾರು 220 ಕಿ.ಮೀ. ಬರುತ್ತದೆ.

ಈ 220 ಸರಿಯೇ ಎಂದು ಇನ್ನೊಂದು ದಾರಿಯಿಂದಲೂ ನೋಡಿದೆವು. ಕಾರಿನ ತೂಕ ಸುಮಾರು 1,235 ಕೆ.ಜಿ. ನಾಲ್ಕು ಜನ ಕೂತರೆ 1,500 ಕೆ.ಜಿ. ಓಡುವಾಗ ಕಾರು ಮುಖ್ಯವಾಗಿ ಎರಡು ತಡೆಗಳ ಜೊತೆ ಗುದ್ದಾಡುತ್ತದೆ. ಒಂದು ಟೈರಿನ ತಡೆ, ಅದು ವೇಗ ಹೆಚ್ಚಾದರೂ ಅಷ್ಟಾಗಿ ಬದಲಾಗುವುದಿಲ್ಲ. ಇನ್ನೊಂದು ಗಾಳಿಯ ತಡೆ, ಅದು ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 70ರಿಂದ 100ಕ್ಕೆ ಹೋದರೆ ವೇಗ ಒಂದೂವರೆ ಪಟ್ಟೂ ಆಗಿಲ್ಲ, ಗಾಳಿಯ ತಡೆ ಮಾತ್ರ ಎರಡು ಪಟ್ಟು ಆಗಿರುತ್ತದೆ. ಎಸಿ ಮತ್ತು ಮೋಟರಿನ ನಷ್ಟ ಸೇರಿಸಿ ನಾವು ಹಾಕಿದ ಅಂದಾಜು ಹೀಗಿದೆ: 70ರ ವೇಗದಲ್ಲಿ 100 ಕಿ.ಮೀ.ಗೆ ಸುಮಾರು 11 ಯೂನಿಟ್, ಅಂದರೆ ತುಂಬಿದ ಟ್ಯಾಂಕಿಗೆ 220–230 ಕಿ.ಮೀ. 100ರ ವೇಗದಲ್ಲಿ ಸುಮಾರು 16 ಯೂನಿಟ್, ಅಂದರೆ 155–160 ಕಿ.ಮೀ.

ಈ ಎರಡನೇ ಸಂಖ್ಯೆಯನ್ನು ಫಾರ್ವರ್ಡ್ ಮಾಡುವವರು ಯಾರೂ ಇಲ್ಲ. ಆದರೆ ಮಹಾಂತೇಶ ನಗರದಿಂದ ಹೊರಬಿದ್ದು ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಹುಬ್ಬಳ್ಳಿಗೆ ಹೊರಟವರಿಗೆ ಬೇಕಾದದ್ದು ಅದೇ. ಹೋಗಿ ಬರಲು 200 ಕಿ.ಮೀ. ಹತ್ತಿರ ಆಗುತ್ತದೆ. 70ರಲ್ಲಿ ಹೋದರೆ ಮನೆ ಮುಟ್ಟುತ್ತೀರಿ. ಆರು ಪಥದ ರಸ್ತೆ ಕಂಡು 100ರಲ್ಲಿ ಬಿಟ್ಟರೆ ದಾರಿಯಲ್ಲಿ ಸ್ವಲ್ಪ ಹೊತ್ತು ಚಾರ್ಜರ್ ಬಳಿ ಚಹಾ ಕುಡಿಯುತ್ತ ನಿಲ್ಲಬೇಕಾಗುತ್ತದೆ. ಫಾಸ್ಟ್ ಚಾರ್ಜರ್‌ನಲ್ಲಿ ಈ ಕಾರು ನೂರಕ್ಕೆ ಹತ್ತರಿಂದ ಎಂಬತ್ತಕ್ಕೆ ಬರಲು ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ.

ಹಾಗಾದರೆ ಗೋವಾ?

ಜಾಂಬೋಟಿ, ಕಣಕುಂಬಿ ಮೇಲೆ ಚೋರ್ಲಾ ಘಾಟ್ ಇಳಿದು ಪಣಜಿ ಮುಟ್ಟಲು 110–120 ಕಿ.ಮೀ. ಹಿಡಿಯೋಣ. ಬೆಳಗಾವಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲೆ. ಪಣಜಿ ಸಮುದ್ರದ ಮಟ್ಟದಲ್ಲೇ ಇದೆ. 1,500 ಕೆ.ಜಿ.ಯನ್ನು 750 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ 3 ಯೂನಿಟ್‌ಗಿಂತ ಒಂದು ಚೂರು ಹೆಚ್ಚು. ಶಾಲೆಯ ಭೌತಶಾಸ್ತ್ರದ ಸೂತ್ರ, ತೂಕ ಗುಣಿಸು ಎತ್ತರ. ನಷ್ಟ ಸೇರಿ ಬ್ಯಾಟರಿಯಿಂದ ಹೋಗುವುದು ಮೂರೂವರೆ ಯೂನಿಟ್. ಇಡೀ ಪಶ್ಚಿಮ ಘಟ್ಟ ಹತ್ತಲು ಮೂರೂವರೆ ಯೂನಿಟ್ ಸಾಕೇ ಎಂದು ನಮಗೂ ಆಶ್ಚರ್ಯವಾಗಿ ಎರಡು ಸಲ ಲೆಕ್ಕ ಹಾಕಿದೆವು. ಅಷ್ಟೇ. ರೇಂಜ್‌ನಲ್ಲಿ ಹೇಳುವುದಾದರೆ ಸುಮಾರು 30 ಕಿ.ಮೀ. ನಷ್ಟ.

ಇಳಿಯುವಾಗ ಲೆಕ್ಕ ಉಲ್ಟಾ. ಆಕ್ಸಿಲರೇಟರ್ ಬಿಟ್ಟಾಗ ಚಕ್ರವೇ ಮೋಟರನ್ನು ತಿರುಗಿಸುತ್ತದೆ, ಮೋಟರ್ ಡೈನಮೊ ಆಗಿ ಬ್ಯಾಟರಿಗೆ ವಿದ್ಯುತ್ ಕಳಿಸುತ್ತದೆ. ಹಳೆಯ ಸೈಕಲ್ಲಿನ ಡೈನಮೊ ಹಚ್ಚಿದಾಗ ತುಳಿಯುವುದು ಭಾರವಾಗುತ್ತಿತ್ತಲ್ಲ, ಅದೇ ಭಾರ ಇಲ್ಲಿ ಬ್ರೇಕಿನ ಕೆಲಸ ಮಾಡುತ್ತದೆ. ಘಾಟ್ ಇಳಿಯುವಾಗ ಸುಮಾರು 2 ಯೂನಿಟ್ ಹೀಗೆ ವಾಪಸ್ ಬರಬಹುದು. ಬ್ಯಾಟರಿ ಪೂರ್ತಿ ತುಂಬಿದ್ದರೆ ಬಂದ ವಿದ್ಯುತ್ತಿಗೆ ಜಾಗವಿರುವುದಿಲ್ಲ. ಆದರೆ ಬೆಳಗಾವಿಯಿಂದ ಹೊರಟವರು ಘಾಟ್ ತಲುಪುವಷ್ಟರಲ್ಲಿ ಟ್ಯಾಂಕ್ ಸಾಕಷ್ಟು ಖಾಲಿಯಾಗಿರುತ್ತದೆ, ತೊಂದರೆಯಿಲ್ಲ.

ಒಟ್ಟು ಹೀಗಾಗುತ್ತದೆ: ಹೋಗಲು ಹತ್ತೂವರೆ ಯೂನಿಟ್, ಬರಲು 16 ಯೂನಿಟ್, ಸೇರಿ ಇಪ್ಪತ್ತಾರೂವರೆ. ಟ್ಯಾಂಕ್ ಇರುವುದು 26. ಹೋಗಿ ಬಂದರೂ ಬ್ಯಾಟರಿ ಉಳಿಯುತ್ತದೆ ಎಂಬ ಫಾರ್ವರ್ಡ್ ಬಿದ್ದುಹೋಗುವುದು ಇಲ್ಲಿ, ಅದೂ ಮನೆ ಕೆಲವೇ ಕಿಲೋಮೀಟರ್ ಇರುವಾಗ. ಒಂದು ದಿಕ್ಕಿಗೆ ಮಾತ್ರ ಆರಾಮ. ಪಣಜಿಯಲ್ಲಿ ಚಾರ್ಜ್ ಮಾಡಲೇಬೇಕು.

‘ಘಾಟ್ ಹತ್ತುವುದಿಲ್ಲ’ ಎಂಬ ಮಾತು ಮಾತ್ರ ಪೂರ್ತಿ ಸುಳ್ಳು. ಪೆಟ್ರೋಲ್ ಟಿಗೋರ್‌ನ ಎಂಜಿನ್ ಕೊಡುವ ಗರಿಷ್ಠ ತಿರುಚು ಬಲ, ಅಂದರೆ ಟಾರ್ಕ್, 113 ನ್ಯೂಟನ್ ಮೀಟರ್. ಅದೂ ಎಂಜಿನ್ ಮೂರು ಸಾವಿರ ಸುತ್ತು ದಾಟಿದ ಮೇಲೆ. ಎಲೆಕ್ಟ್ರಿಕ್ ಮೋಟರಿನದು 170, ಅದೂ ಕಾರು ನಿಂತ ಜಾಗದಿಂದಲೇ. ಗೇರ್ ಬದಲಿಸುವ ಗೋಜಿಲ್ಲ, ಹೇರ್‌ಪಿನ್ ತಿರುವಿನಲ್ಲಿ ಎಂಜಿನ್ ಬಂದ್ ಬೀಳುವ ಭಯವಿಲ್ಲ. ನಿಂತ ಕಾರು 60 ಕಿ.ಮೀ. ವೇಗ ಮುಟ್ಟಲು ಕಂಪನಿ ಹೇಳುವ ಸಮಯ 5.7 ಸೆಕೆಂಡ್. ಅದರ ನಂತರ ಓಟದ ಚುರುಕು ಕಡಿಮೆಯಾಗುತ್ತದೆ, ಯಾಕೆಂದರೆ ಮೋಟರಿನ ಒಟ್ಟು ಸಾಮರ್ಥ್ಯ 55 ಕಿಲೋವ್ಯಾಟ್ ಮಾತ್ರ. ಊರಿನೊಳಗೆ ಮತ್ತು ಘಾಟ್‌ನಲ್ಲಿ ಚುರುಕು, ಹೆದ್ದಾರಿಯಲ್ಲಿ ಸಾಧಾರಣ. ಇದು ಈ ಕಾರಿನ ಗುಣ.

ಬಾಲ ಗಿಡ್ಡ ಯಾಕೆ?

ಇಲ್ಲಿ ಒಂದು ಸ್ವಾರಸ್ಯವಿದೆ. ಟಿಗೋರ್‌ನ ಹಿಂಭಾಗ ನೋಡಿ, ಸೆಡಾನ್ ಎಂದರೂ ಡಿಕ್ಕಿಯ ಭಾಗ ಕತ್ತರಿಸಿದ ಹಾಗೆ ಗಿಡ್ಡ. ಇದು ಡಿಸೈನರ್ ರುಚಿಯಲ್ಲ, ತೆರಿಗೆ ಕಾನೂನಿನ ಕೈಚಳಕ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡವಾದ, ಸಣ್ಣ ಎಂಜಿನ್ನಿನ ಕಾರುಗಳಿಗೆ ತೆರಿಗೆ ಇಳಿಸಿದರು. ಅಂದಿನಿಂದ ಕಂಪನಿಗಳು ಸೆಡಾನ್‌ಗಳನ್ನು ನಾಲ್ಕು ಮೀಟರ್ ಒಳಗೆ ಮಡಚಿ ಕೂರಿಸತೊಡಗಿದವು. 2017ರಲ್ಲಿ ಬಂದ ಟಿಗೋರ್‌ನ ಉದ್ದ 3,992 ಮಿ.ಮೀ. ಚಿಲ್ಲರೆ, ನಾಲ್ಕು ಮೀಟರಿಗೆ ಒಂದು ಸೆಂಟಿಮೀಟರೂ ಕಮ್ಮಿಯಿಲ್ಲ.

ಎಲೆಕ್ಟ್ರಿಕ್ ಕಾರಿಗೆ ಈ ನಿಯಮವೇ ಅನ್ವಯಿಸುವುದಿಲ್ಲ. ಉದ್ದ ಎಷ್ಟೇ ಇದ್ದರೂ 2019ರ ಆಗಸ್ಟ್‌ನಿಂದ ಜಿಎಸ್‌ಟಿ ಶೇ. 5 ಮಾತ್ರ. ಆದರೂ ಟಿಗೋರ್ ಇವಿ ಪೆಟ್ರೋಲ್ ಕಾರಿನ ಮೈಯನ್ನೇ ಹೊತ್ತುಕೊಂಡು ಬಂತು. ಅಚ್ಚು, ಬಾಗಿಲು, ಗಾಜು ಎಲ್ಲ ಮೊದಲೇ ತಯಾರಿದ್ದದ್ದರಿಂದ ಬೆಲೆ ಇಳಿಯಿತು. ‘ಕೈಗೆಟುಕುವ’ ಎಂಬ ಮಾತಿನ ಗುಟ್ಟು ಇದೇ. ಅದಕ್ಕೆ ತೆತ್ತದ್ದು ಜಾಗ. ಬ್ಯಾಟರಿಗೆಂದೇ ಮಾಡಿದ ಕಾರಿನಲ್ಲಿ ನೆಲ ಪೂರ್ತಿ ಸಪಾಟಾಗಿ ಬ್ಯಾಟರಿ ಹರಡುತ್ತದೆ. ಇಲ್ಲಿ ಪೆಟ್ರೋಲ್ ಟ್ಯಾಂಕ್ ಇದ್ದ ಕಡೆ, ಹಿಂಬದಿಯ ನೆಲದಲ್ಲಿ ಸಿಕ್ಕಷ್ಟು ಜಾಗದಲ್ಲಿ ತುರುಕಬೇಕು. ಪೆಟ್ರೋಲ್ ಟಿಗೋರ್‌ನ ಡಿಕ್ಕಿ 419 ಲೀಟರ್, ಇವಿಯದು 316. ಮದುವೆ ಸೀಸನ್ನಿನಲ್ಲಿ ಕುಂದಾ ಡಬ್ಬಿಗಳ ಜೊತೆ ಐದು ಜನರ ಸೂಟ್‌ಕೇಸ್ ಹಿಡಿಸಬೇಕೆಂದು ಸೆಡಾನ್ ಬಯಸುವವರು ಶೋರೂಮಿನಲ್ಲಿ ಮೊದಲು ಡಿಕ್ಕಿ ತೆಗೆದು ನೋಡುವುದು ಒಳ್ಳೆಯದು. ದೊಡ್ಡ ಬ್ಯಾಟರಿ ಹಾಕಬಾರದಿತ್ತೇ ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ: ಇಡಲು ಜಾಗವೂ ಇಲ್ಲ, ಈ ಬೆಲೆಯಲ್ಲಿ ಹಣವೂ ಇಲ್ಲ.

ಸುರಕ್ಷತೆಯಲ್ಲಿ ತೂಕ ಹೆಚ್ಚಿದ್ದೂ ಕಾರು ಕೆಟ್ಟದಾಗಲಿಲ್ಲ. 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಇದಕ್ಕೆ ದೊಡ್ಡವರ ವಿಭಾಗದಲ್ಲೂ ಮಕ್ಕಳ ವಿಭಾಗದಲ್ಲೂ ನಾಲ್ಕು ನಕ್ಷತ್ರ ಸಿಕ್ಕವು. 2022ರಿಂದ ಆ ಪರೀಕ್ಷೆ ಇನ್ನಷ್ಟು ಬಿಗಿಯಾಗಿದೆ. ಹಾಗಾಗಿ ಈಗಿನ ಕಾರುಗಳ ನಕ್ಷತ್ರದ ಜೊತೆ ಇದನ್ನು ನೇರವಾಗಿ ಹೋಲಿಸಬೇಡಿ.

ಖಾನಾಪುರದ ಮಳೆ

ಖಾನಾಪುರ ತಾಲ್ಲೂಕಿನ ಮಳೆ ಬಗ್ಗೆ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಶಾಕ್ ಹೊಡೆಯುವ ಫಾರ್ವರ್ಡ್ ಇಲ್ಲಿ ಹೆಚ್ಚು ನಾಟುತ್ತದೆ. ಬ್ಯಾಟರಿ ಪೆಟ್ಟಿಗೆಗೆ ಐಪಿ67 ಎಂಬ ದರ್ಜೆ ಇದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಒಳಗೆ ಹಾನಿಯಾಗುವಷ್ಟು ನೀರು ಹೋಗಬಾರದು ಎಂಬುದು ಅದರ ಅರ್ಥ. ಜೊತೆಗೆ ಹೈ ವೋಲ್ಟೇಜ್ ತಂತಿಗಳಿಗೂ ಕಾರಿನ ಕಬ್ಬಿಣದ ಮೈಗೂ ಸಂಬಂಧವೇ ಇರುವುದಿಲ್ಲ. ಎಲ್ಲಾದರೂ ಸೋರಿಕೆ ಕಂಡರೆ ಬ್ಯಾಟರಿಯ ಸ್ವಿಚ್‌ಗಳು ತಾವಾಗಿಯೇ ಕಡಿದುಕೊಳ್ಳುತ್ತವೆ. ಮಳೆಯಲ್ಲಿ ಓಡಿಸುವುದಕ್ಕೆ, ಮಳೆಯಲ್ಲಿ ಚಾರ್ಜ್ ಮಾಡುವುದಕ್ಕೆ ಹೆದರಬೇಕಿಲ್ಲ.

ಆದರೆ ಇದನ್ನು ಓದಿ ಮಲಪ್ರಭೆ ತುಂಬಿದಾಗ ಸೇತುವೆಯ ಮೇಲೆ ಹರಿಯುವ ನೀರಿಗೆ ಕಾರು ಇಳಿಸಬೇಡಿ. ಅಲ್ಲಿನ ಅಪಾಯ ವಿದ್ಯುತ್ತಿನದಲ್ಲ. ಒಂದು ಅಡಿ ನೀರು ರಭಸವಾಗಿ ಹರಿಯುತ್ತಿದ್ದರೆ ಸಣ್ಣ ಕಾರನ್ನು, ಅದು ಪೆಟ್ರೋಲಿನದಾಗಲಿ ಎಲೆಕ್ಟ್ರಿಕ್ ಆಗಲಿ, ತೇಲಿಸಿಕೊಂಡು ಹೋಗಬಲ್ಲದು. ನೀರಿನಲ್ಲಿ ಮುಳುಗಿ ನಿಂತಿದ್ದ ಇವಿಯನ್ನು ಚಾಲೂ ಮಾಡದೆ, ಚಾರ್ಜಿಗೂ ಹಾಕದೆ ಸರ್ವಿಸ್ ಸೆಂಟರಿಗೆ ಎಳೆಸಿಕೊಂಡು ಹೋಗಬೇಕು.

ಬೆಂಕಿಯ ವಿಡಿಯೊಗಳ ಬಗ್ಗೆ ಒಂದೇ ಮಾತು: 2022ರಲ್ಲಿ ಓಡಾಡಿದ ಹೆಚ್ಚಿನವು ಸ್ಕೂಟರ್‌ಗಳವು. ಅದರ ನಂತರ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿ, ಆ ವರ್ಷದ ಡಿಸೆಂಬರ್‌ನಿಂದ ಹಂತ ಹಂತವಾಗಿ ಜಾರಿಗೆ ತಂದರು.

ದುಡ್ಡಿನ ಲೆಕ್ಕ, ಗೃಹಜ್ಯೋತಿ ಸೇರಿಸಿ

ಬೆಳಗಾವಿ–ಖಾನಾಪುರ ಸುಮಾರು 26 ಕಿ.ಮೀ. ಹೋಗಿ ಬಂದರೆ 52. ಮನೆಯ ಸಾಕೆಟ್‌ನಿಂದ ಬ್ಯಾಟರಿಗೆ ಹೋಗುವಾಗಲೂ ಸ್ವಲ್ಪ ವಿದ್ಯುತ್ ಬಿಸಿಯಾಗಿ ಪೋಲಾಗುತ್ತದೆ. ಅದನ್ನೂ ಸೇರಿಸಿ ದಿನಕ್ಕೆ 7 ಯೂನಿಟ್ ಹಿಡಿಯಿರಿ. ತೆರಿಗೆ ಸೇರಿ ಯೂನಿಟ್ಟಿಗೆ 7 ರೂಪಾಯಿ ಎಂದರೆ 49 ರೂಪಾಯಿ. ಪೆಟ್ರೋಲ್ ಕಾರಿಗೆ ಇದೇ ದೂರಕ್ಕೆ 3 ಲೀಟರ್, ಲೀಟರಿಗೆ 103 ರೂಪಾಯಿ ಹಿಡಿದರೆ 309. ದಿನಕ್ಕೆ 260 ಉಳಿತಾಯ, ತಿಂಗಳಲ್ಲಿ 25 ದಿನಕ್ಕೆ 6,500.

‘ಕರ್ನಾಟಕದಲ್ಲಿ ಗೃಹಜ್ಯೋತಿ ಇದೆ, ಕಾರು ಫ್ರೀಯಾಗಿ ಚಾರ್ಜ್ ಆಗುತ್ತದೆ’ ಎನ್ನುವವರು ಇಲ್ಲಿ ನಿಲ್ಲಬೇಕು. 2023ರಲ್ಲಿ ಬಂದ ಆ ಯೋಜನೆಯಲ್ಲಿ ಉಚಿತ ಸಿಗುವುದು ನಿಮ್ಮ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು ಮಾತ್ರ. ಅದನ್ನು ಮೀರಿದರೆ ಮೀರಿದ್ದಕ್ಕೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಖಾನಾಪುರದ ಓಡಾಟಕ್ಕೆ ತಿಂಗಳಿಗೆ 175 ಯೂನಿಟ್. ಮನೆಯ ಬಳಕೆ 80 ಇದ್ದರೆ ಒಟ್ಟು 255. ಇಷ್ಟು ದಿನ ಸೊನ್ನೆ ಬರುತ್ತಿದ್ದ ಬಿಲ್ಲಿನಲ್ಲಿ ಮನೆಯ 80 ಯೂನಿಟ್ಟಿಗೂ ನಿಗದಿತ ಶುಲ್ಕಕ್ಕೂ ಹಣ ಕೇಳುತ್ತಾರೆ, ಹೆಚ್ಚುಕಮ್ಮಿ ಸಾವಿರ ರೂಪಾಯಿ. ನಿಜವಾದ ಉಳಿತಾಯ ಹಾಗಾಗಿ ತಿಂಗಳಿಗೆ 5,500 ಹತ್ತಿರ.

ಅದೇ ಸೌಲಭ್ಯದ ಪೆಟ್ರೋಲ್ ಸೆಡಾನ್‌ಗಿಂತ ಇವಿಗೆ 5 ಲಕ್ಷ ಹೆಚ್ಚು ಕೊಟ್ಟಿರಿ ಎಂದುಕೊಳ್ಳೋಣ. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದ ಮೇಲೆ ಈ ಅಂತರ ಕಮ್ಮಿಯಾಗಿಲ್ಲ, ಹೆಚ್ಚಾಗಿದೆ. ವರ್ಷಕ್ಕೆ 66,000 ಉಳಿದರೆ ಆ 5 ಲಕ್ಷ ವಾಪಸ್ ಬರಲು ಏಳೂವರೆ ವರ್ಷ ಬೇಕು, ಸಾಲದ ಹೆಚ್ಚುವರಿ ಬಡ್ಡಿ ಬಿಟ್ಟು. ಬ್ಯಾಟರಿಯ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ‘ಬ್ಯಾಟರಿ ಎರಡು ವರ್ಷಕ್ಕೆ ಹಾಳು’ ಎಂಬುದು ನಿಜವಾಗಿದ್ದರೆ ಇಷ್ಟು ವಾರಂಟಿ ಕೊಟ್ಟ ಕಂಪನಿ ಎಂದೋ ಮುಳುಗುತ್ತಿತ್ತು. ಖಾನಾಪುರಕ್ಕೆ ದಿನಾ ಓಡಾಡುವವರಿಗೆ ಲೆಕ್ಕ ವಾರಂಟಿಯ ಒಳಗೆ ಕಷ್ಟಪಟ್ಟು ಸರಿಹೋಗುತ್ತದೆ. ಮಹಾಂತೇಶ ನಗರದಿಂದ ಮಾರ್ಕೆಟ್ಟಿಗೆ, ಶಾಲೆಗೆ, ದೇವಸ್ಥಾನಕ್ಕೆ ಎಂದು ದಿನಕ್ಕೆ 15 ಕಿ.ಮೀ. ಓಡಿಸುವವರಿಗೆ ವರ್ಷಕ್ಕೆ ಉಳಿಯುವುದು 27,000. ಅವರಿಗೆ ಹದಿನೆಂಟು ವರ್ಷ ಬೇಕು. ಹಣ ಉಳಿಸುವುದೇ ಉದ್ದೇಶವಾದರೆ ಅವರು ಈ ಕಾರು ಕೊಳ್ಳುವುದು ಬೇಡ ಎಂಬುದೇ ನಮ್ಮ ಅಭಿಪ್ರಾಯ. ಸದ್ದಿಲ್ಲದ ಓಟ, ಹೊಗೆಯಿಲ್ಲದ್ದು, ಕ್ಲಚ್ ತುಳಿಯದ ಸುಖ ಇವಕ್ಕಾಗಿ ಕೊಳ್ಳುವುದಾದರೆ ಅದು ಬೇರೆ ಮಾತು.

ಕೊಳ್ಳುವುದೇ ಎಂದಾದರೆ ಶೋರೂಮಿಗಿಂತ ಮೊದಲು ಮನೆಗೆ ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ. ಈ ಕಾರು ಗೀಸರ್‌ಗೆ ಹಾಕುವಂಥ 15 ಆಂಪಿಯರ್ ಸಾಕೆಟ್‌ನಲ್ಲಿ ಚಾರ್ಜ್ ಆಗುತ್ತದೆ, ಆದರೆ ಗೀಸರ್ ಹಾಗೆ ಹತ್ತು ನಿಮಿಷವಲ್ಲ, ರಾತ್ರಿಯಿಡೀ ಎಂಟು ಒಂಬತ್ತು ಗಂಟೆ ಎಳೆಯುತ್ತದೆ. ಹಳೆಯ ವೈರಿಂಗ್ ಇದ್ದರೆ ಸಾಕೆಟ್ ಕರಗುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಕಾರು ಚಾರ್ಜ್ ತೆಗೆದುಕೊಳ್ಳಲು ಒಪ್ಪುವುದೇ ಇಲ್ಲ. ಮೀಟರಿಗೆ ಮಂಜೂರಾದ ಲೋಡ್ ಎಷ್ಟು ಎಂಬುದು ಹೆಸ್ಕಾಂ ಬಿಲ್ಲಿನ ಮೇಲೇ ಬರೆದಿರುತ್ತದೆ. ಕಾರಿಗೆ ಸುಮಾರು 3 ಕಿಲೋವ್ಯಾಟ್ ಬೇಕು, ಅದರ ಜೊತೆ ಫ್ರಿಜ್ಜು, ಪಂಪು, ಗೀಸರ್ ಎಲ್ಲ ಹಿಡಿಸುತ್ತದೆಯೇ ನೋಡಿಕೊಳ್ಳಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ನಿಮ್ಮ ಮೀಟರಿನಿಂದ ಪಾರ್ಕಿಂಗ್‌ವರೆಗೆ ತಂತಿ ಎಳೆಯಲು ಸೊಸೈಟಿಯ ಒಪ್ಪಿಗೆಯನ್ನು ಕಾರು ಬುಕ್ ಮಾಡುವ ಮೊದಲೇ, ಬರಹದಲ್ಲಿ, ತೆಗೆದುಕೊಳ್ಳಿ.